ಗಿಟಾರ್ ಇಲ್ಲದ ಮನೆಗೆ ಬಂದ ಗಿಟಾರ್ ಪುಸ್ತಕ

ನಮ್ಮ ಕಡೆ ಹಬ್ಬಕ್ಕೆ ಪುಸ್ತಕ ಕೊಡುವ ರೂಢಿ ಇಲ್ಲ. ಈದಿ ಎಂದರೆ ಗರಿಗರಿ ನೋಟು. ದೀಪಾವಳಿಗೆ ಹೊಸ ಬಟ್ಟೆ, ಪಟಾಕಿ. ಕ್ರಿಸ್‌ಮಸ್‌ಗೆ ಕೇಕು. ಆದರೂ ಹೋದ ವರ್ಷ ನನಗೂ ನನ್ನ ಇಬ್ಬರು ಗೆಳೆಯರಿಗೂ ಹಬ್ಬದ ಉಡುಗೊರೆಯಾಗಿ ಬಂದದ್ದು ಪುಸ್ತಕ. ಮೂರೂ ಗಿಟಾರಿಗೆ ಸಂಬಂಧಪಟ್ಟವು. ನಮಗೆ ಗಿಟಾರ್ ಹುಚ್ಚು ಎಂದು ಮನೆಯವರಿಗೆಲ್ಲ ಗೊತ್ತು. ಮೂವರಲ್ಲಿ ಗಿಟಾರ್ ಇದ್ದದ್ದು ಮಾತ್ರ ತುರುವೇಕೆರೆಯಿಂದ ಬರುವ ಗೆಳೆಯನ ಮನೆಯಲ್ಲಿ. ಅವನಣ್ಣ ಕೊಂಡು, ಒಂದು ತಿಂಗಳು ನುಡಿಸಿ, ಗೋಡೆಗೆ ನೇತುಹಾಕಿದ್ದು.

ನನ್ನ ಪುಸ್ತಕ ಬಂದದ್ದು ರಂಜಾನ್ ಈದ್‌ಗೆ, 2025ರ ಮಾರ್ಚ್ 31ರಂದು. ಪ್ರಥಮ ಪಿಯುಸಿ ಪರೀಕ್ಷೆ ಮುಗಿದಿತ್ತು. ಮಾಮು ಬೆಂಗಳೂರಿನಿಂದ ಬಂದವರು ಎಲ್ಲ ಮಕ್ಕಳಿಗೂ ನೋಟು ಹಂಚಿ, ನನ್ನ ಕೈಗೆ ಮಾತ್ರ ಪೇಪರಿನಲ್ಲಿ ಸುತ್ತಿದ ಒಂದು ಕಟ್ಟು ಕೊಟ್ಟರು. ಅವೆನ್ಯೂ ರಸ್ತೆಯ ಹಳೆ ಪುಸ್ತಕದ ಅಂಗಡಿಯದು. ಮೆಲ್ ಬೇ ಎನ್ನುವವರ 'ಮಾಡರ್ನ್ ಗಿಟಾರ್ ಮೆಥಡ್', ಒಂದನೇ ಭಾಗ. ನಡುವಿನ ಎರಡು ಹಾಳೆ ಸಡಿಲವಾಗಿದ್ದವು. ಯಾರೋ ಪೆನ್ಸಿಲಿನಲ್ಲಿ ಅಲ್ಲಲ್ಲಿ ಟಿಕ್ ಹಾಕಿದ್ದರು. ಹನ್ನೆರಡನೇ ಪುಟದಿಂದಾಚೆಗೆ ಟಿಕ್ ಇರಲಿಲ್ಲ. ಹಿಂದಿನ ಮಾಲೀಕರು ಅಲ್ಲಿಗೆ ಕೈಬಿಟ್ಟಿರಬೇಕು.

ದಾದಿ ಅದನ್ನು ತೆಗೆದುಕೊಂಡು ಮುಖಪುಟದ ಚಿತ್ರ ನೋಡಿದರು. ಮನೆಯಲ್ಲಿ ಎಲ್ಲರೂ ಸುಮ್ಮನಾದರು. ನಮ್ಮ ಮನೆಯಲ್ಲಿ ವಾದ್ಯ ಇಲ್ಲ. ಸಂಗೀತದ ವಿಷಯದಲ್ಲಿ ಉಲಮಾಗಳಲ್ಲೇ ಬೇರೆ ಬೇರೆ ಅಭಿಪ್ರಾಯಗಳಿವೆ, ಅದನ್ನು ತೀರ್ಮಾನ ಮಾಡುವಷ್ಟು ದೊಡ್ಡವನು ನಾನಲ್ಲ. ಆದರೆ ನಮ್ಮ ದಾದಿಯ ಅಭಿಪ್ರಾಯ ಒಂದೇ, ಅದು ಮನೆಯಲ್ಲಿ ಎಲ್ಲರಿಗೂ ಗೊತ್ತು. ಮಾಮು ನಕ್ಕು ಹೇಳಿದರು: "ಕಿತಾಬ್ ಹೈ ಅಮ್ಮಾ, ಬಾಜಾ ನೈ." ಪುಸ್ತಕ ಅಮ್ಮಾ, ವಾದ್ಯ ಅಲ್ಲ.

ಇದಕ್ಕೆ ದಾದಿ ಹತ್ತಿರ ಉತ್ತರ ಇರಲಿಲ್ಲ. ಕಾಲಿಗೆ ಪುಸ್ತಕ ತಾಗಿದರೆ ಎತ್ತಿ ಕಣ್ಣಿಗೊತ್ತಿಕೊಳ್ಳಬೇಕೆಂದು ನಮಗೆಲ್ಲ ಕಲಿಸಿದವರು ಅವರೇ. ಪುಸ್ತಕ ನನ್ನ ಅಕೌಂಟೆನ್ಸಿ, ಬಿಸಿನೆಸ್ ಸ್ಟಡೀಸ್ ಪಕ್ಕ ಶೆಲ್ಫಿಗೆ ಹೋಯಿತು. ಗಿಟಾರ್ ಬರಲಾಗದ ಮನೆಯೊಳಗೆ ಗಿಟಾರ್ ಪುಸ್ತಕ ಚಪ್ಪಲಿ ಬಿಟ್ಟು ಮರ್ಯಾದೆಯಿಂದ ಬಂದು ಕೂತಿತು.

ಬೇಸಿಗೆ ರಜೆಯಲ್ಲಿ ಅದನ್ನು ಮೂರು ಸಲ ಓದಿದೆ. ಮೆಲ್ ಬೇ ಅಮೆರಿಕದ ಸೇಂಟ್ ಲೂಯಿಸ್ ಕಡೆಯ ಗಿಟಾರ್ ಮೇಷ್ಟ್ರು. ಎರಡನೇ ಮಹಾಯುದ್ಧ ಮುಗಿಸಿ ಬಂದ ಸೈನಿಕರಲ್ಲಿ ಬಹಳ ಮಂದಿಗೆ ಗಿಟಾರ್ ಕಲಿಯುವ ಆಸೆ ಇತ್ತು, ಕಲಿಸಲು ಸರಿಯಾದ ಪುಸ್ತಕ ಇರಲಿಲ್ಲ. ಅವರು 1947ರಲ್ಲಿ ತಮ್ಮದೇ ಪ್ರಕಾಶನ ಶುರು ಮಾಡಿದರು. 1997ರಲ್ಲಿ ತೀರಿಕೊಂಡರು, ಪುಸ್ತಕ ಇನ್ನೂ ಅಚ್ಚಾಗುತ್ತಿದೆ. ಕಲಿಸುವ ರೀತಿ ನಮ್ಮ ಮದರಸಾದ ಕಾಯಿದಾ ಇದ್ದ ಹಾಗೆ. ಮೊದಲು ಅಕ್ಷರ, ಆಮೇಲೆ ಅಕ್ಷರ ಕೂಡಿಸುವುದು. ಅತಿ ತೆಳುವಾದ ಮೊದಲನೇ ತಂತಿಯಲ್ಲಿ ಇ, ಎಫ್, ಜಿ ಮೂರೇ ಸ್ವರ. ಅದು ಬಂದ ಮೇಲೆ ಎರಡನೇ ತಂತಿ. ಎಲ್ಲವೂ ಐದು ಗೆರೆಯ ಪಾಶ್ಚಾತ್ಯ ಲಿಪಿಯಲ್ಲಿ. ಬೆರಳು ಎಲ್ಲಿಡಬೇಕೆಂದು ಅಂಕಿ ಹಾಕಿ ತೋರಿಸುವ ಸುಲಭದ ದಾರಿ, ಟ್ಯಾಬ್ ಅನ್ನುತ್ತಾರಲ್ಲ, ಅದು ನನ್ನ ಪ್ರತಿಯಲ್ಲಿ ಇಲ್ಲ. ಹಾಡುಗಳಲ್ಲಿ ನನಗೆ ಗೊತ್ತಿದ್ದದ್ದು ಶಿಶುವಿಹಾರದಲ್ಲಿ ಕಲಿತ ಟ್ವಿಂಕಲ್ ಟ್ವಿಂಕಲ್ ರಾಗ ಒಂದೇ. ಉಳಿದವು ಅಮೆರಿಕದ ಮಕ್ಕಳಿಗೆ ಗೊತ್ತಿರುವ ಹಾಡುಗಳು. ಕೇಳಿರದ ಹಾಡನ್ನು ಗೆರೆ ನೋಡಿ ಊಹಿಸುವುದು ತಿನ್ನದ ಅಡುಗೆಯ ರುಚಿಯನ್ನು ಸಾಮಾನಿನ ಚೀಟಿ ಓದಿ ತಿಳಿದುಕೊಂಡ ಹಾಗೆ.

ಗಿಟಾರ್ ಇಲ್ಲವಲ್ಲ, ಬೆರಳಿಗೆ ಏನು ಮಾಡುವುದು? ನಮ್ಮ ಊರಿನಲ್ಲಿ ತೆಂಗಿನ ಮಟ್ಟೆಗೆ ಬರವೇ. ಚಿಕ್ಕವರಿದ್ದಾಗ ಅದರಲ್ಲೇ ಕ್ರಿಕೆಟ್ ಬ್ಯಾಟು ಮಾಡುತ್ತಿದ್ದೆವು. ಒಣಗಿದ ಮಟ್ಟೆಯೊಂದನ್ನು ಕೆತ್ತಿ ಚಪ್ಪಟೆ ಮಾಡಿ ಆರು ಉದ್ದ ಗೆರೆ ಎಳೆದೆ. ಫ್ರೆಟ್‌ಗಳ, ಅಂದರೆ ವೀಣೆಯಲ್ಲಿ ಮೆಟ್ಟಿಲು ಅನ್ನುವ ಅಡ್ಡಪಟ್ಟಿಗಳ, ಅಂತರ ಎಷ್ಟಿರಬೇಕು? ಪುಸ್ತಕದ ಚಿತ್ರದಲ್ಲಿ ಅವು ಮೇಲಿನಿಂದ ಕೆಳಕ್ಕೆ ಕಿರಿದಾಗುತ್ತಾ ಹೋಗುತ್ತವೆ. ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿ ಹುಡುಕಿದಾಗ ಸೂತ್ರ ಸಿಕ್ಕಿತು. ನೋಡಿದ ಕೂಡಲೇ ಎಲ್ಲೋ ಕಂಡ ಹಾಗಿದೆ ಅನಿಸಿತು.

ವಾಣಿಜ್ಯ ವಿಭಾಗದವರು ಇದನ್ನು ಗಮನವಿಟ್ಟು ಓದಿ. ಸವಕಳಿ ಲೆಕ್ಕ ಮಾಡಲು ನಾವು ಎರಡು ಪದ್ಧತಿ ಕಲಿತಿದ್ದೇವೆ. ಒಂದರಲ್ಲಿ ಪ್ರತಿ ವರ್ಷ ಒಂದೇ ಮೊತ್ತ ಕಳೆಯುತ್ತೇವೆ. ಇನ್ನೊಂದರಲ್ಲಿ ಉಳಿದ ಬೆಲೆಯ ಮೇಲೆ ಅದೇ ಶೇಕಡಾ ಕಳೆಯುತ್ತೇವೆ, ಹಾಗಾಗಿ ಕಳೆಯುವ ಮೊತ್ತ ವರ್ಷ ವರ್ಷಕ್ಕೆ ಇಳಿಯುತ್ತದೆ. ಗಿಟಾರಿನ ಕತ್ತು ಎರಡನೇ ಪದ್ಧತಿಯಲ್ಲಿದೆ! ಪ್ರತಿ ಫ್ರೆಟ್ಟಿಗೂ ಉಳಿದ ತಂತಿಯ ಶೇಕಡಾ 5.61 ಕಳೆಯಬೇಕು. ತಂತಿ 650 ಮಿಲಿಮೀಟರ್ ಇದ್ದರೆ ಮೊದಲನೇ ಫ್ರೆಟ್ಟು 36.5 ಮಿಲಿಮೀಟರ್ ದೂರ, ಅಲ್ಲಿಂದ ಎರಡನೆಯದು 34.4, ಅಲ್ಲಿಂದ ಮೂರನೆಯದು 32.5. ಹನ್ನೆರಡನೆಯದಕ್ಕೆ ಬಂದಾಗ ಉಳಿಯುವುದು ಸರಿಯಾಗಿ ಅರ್ಧ, 325. ಅರ್ಧ ತಂತಿ ಅದೇ ಸ್ವರವನ್ನು ಮೇಲಿನ ಸ್ಥಾಯಿಯಲ್ಲಿ ನುಡಿಯುತ್ತದೆ. ಕ್ಯಾಲ್ಕುಲೇಟರ್ ಇಲ್ಲದ ಕಾಲದಲ್ಲಿ ಉಳಿದ ಉದ್ದದ ಹದಿನೆಂಟರಲ್ಲಿ ಒಂದು ಭಾಗ ಕಳೆಯುತ್ತಿದ್ದರಂತೆ. 1581ರಲ್ಲಿ ಆ ಲೆಕ್ಕವನ್ನು ಪುಸ್ತಕದಲ್ಲಿ ಬರೆದವರು ವಿಂಚೆನ್ಜೊ ಗೆಲಿಲಿ, ವಿಜ್ಞಾನಿ ಗೆಲಿಲಿಯೋನ ತಂದೆ. ಇದನ್ನೇ ಚಕ್ರಬಡ್ಡಿಯಿಂದಲೂ ವಿವರಿಸಬಹುದು: ಶೇಕಡಾ ಹತ್ತಿರ ಹತ್ತಿರ 6ರಂತೆ 12 ವರ್ಷಕ್ಕೆ ಅಸಲು ಎರಡರಷ್ಟು. ದಾದಿ ಇರುವ ಮನೆಯಲ್ಲಿ ಬಡ್ಡಿಯ ಉದಾಹರಣೆ ಬೇಡವೆಂದು ನಾನು ಸವಕಳಿಯನ್ನೇ ಹಿಡಿದುಕೊಂಡೆ.

ಮಟ್ಟೆಯ ಮೇಲೆ ಎರಡು ತಿಂಗಳು ಬೆರಳು ಓಡಿಸಿದೆ. ತಂಗಿ ಅದಕ್ಕೆ ಗೂಂಗಾ ಗಿಟಾರ್ ಎಂದು ಹೆಸರಿಟ್ಟಳು, ಮೂಕ ಗಿಟಾರ್. ದಾದಿಗೂ ಅದರಿಂದ ತೊಂದರೆ ಇರಲಿಲ್ಲ, ಸದ್ದೇ ಇಲ್ಲವಲ್ಲ. ಒಂದು ಸಂಜೆ ಅವರಿಗೆ ಅಲ್-ಫರಾಬಿ ವಿಷಯ ಹೇಳಿದೆ. ಕ್ರಿ.ಶ. 950ರಲ್ಲಿ ತೀರಿಕೊಂಡ ದೊಡ್ಡ ತತ್ವಜ್ಞಾನಿ, 'ಕಿತಾಬ್ ಅಲ್-ಮೂಸೀಖಾ ಅಲ್-ಕಬೀರ್' ಎಂದು ಸಂಗೀತದ ಮೇಲೆ ಮಹಾಗ್ರಂಥ ಬರೆದವರು. ಔದ್ ವಾದ್ಯದ ಕತ್ತಿನ ಮೇಲೆ ಯಾವ ಸ್ವರ ಎಲ್ಲಿ ಬರುತ್ತದೆಂದು ಅದರಲ್ಲಿ ಲೆಕ್ಕ ಹಾಕಿದ್ದಾರೆ. ದಾದಿ ಪೂರ್ತಿ ಕೇಳಿಸಿಕೊಂಡು, "ಅವರು ಫಜರ್‌ಗೆ ಸರಿಯಾಗಿ ಏಳುತ್ತಿದ್ದರಾ, ಅದೂ ಬರೆದಿದೆಯಾ?" ಎಂದು ಕೇಳಿದರು. ಆ ವಾದ ಅಲ್ಲಿಗೆ ಮುಗಿಯಿತು.

ದಸರಾ ರಜೆಗೆ ತುರುವೇಕೆರೆ ಗೆಳೆಯ ಗಿಟಾರನ್ನು ಗೋಡೆಯಿಂದಿಳಿಸಿ ಹತ್ತು ದಿನದ ಮಟ್ಟಿಗೆ ನನಗೆ ಕೊಟ್ಟ. ಮನೆಗೆ ತರುವ ಮೊದಲು ಅಬ್ಬಾನನ್ನು ಕೇಳಬೇಕಿತ್ತು. ಕೊಬ್ಬರಿ ಗೋಡೌನಿನ ಬಾಗಿಲಲ್ಲಿ ನಿಂತು ಕೇಳಿದೆ. ಅಬ್ಬಾ ಅಲ್ಲಿ ಕೆಲಸ ಮಾಡುತ್ತಾರೆ. ಕಾಯಿ ಸುಲಿದು, ಚಿಪ್ಪು ಒಡೆದು, ಗಿಟುಕು ಒಡೆಯದ ಹಾಗೆ ಬಿಡಿಸುವ ಕೆಲಸ. ಅವರು ಕೆಲಸ ನಿಲ್ಲಿಸದೆ ಹೇಳಿದರು: "ಹತ್ತೇ ದಿನ. ಮಗ್ರಿಬ್ ಆದ ಮೇಲೆ ಬೇಡ. ದಾದಿ ಮುಂದೆ ಬೇಡ. ಹಿತ್ತಲಲ್ಲಿ." ಇಲ್ಲ ಎನ್ನಲಿಲ್ಲ. ನಾನು ಮತ್ತೆ ಕೇಳಿ ಖಚಿತ ಮಾಡಿಕೊಳ್ಳಲು ಹೋಗಲಿಲ್ಲ, ಕೇಳಿದರೆ ಇಲ್ಲ ಎಂದುಬಿಟ್ಟಾರೆಂದು.

ನಮ್ಮ ಕೊಬ್ಬರಿಯ ವಿಷಯ ಊರಿನವರಿಗೆ ಹೇಳಬೇಕಾಗಿಲ್ಲ, ಹೊರಗಿನಿಂದ ಬಂದ ಹಾಸ್ಟೆಲ್ ಮಕ್ಕಳಿಗಾಗಿ ಹೇಳುತ್ತೇನೆ. ಬಲಿತ ಕಾಯಿಯನ್ನು ಸಿಪ್ಪೆ ಸಮೇತ ಅಟ್ಟದ ಮೇಲೆ ಹತ್ತು ಹನ್ನೆರಡು ತಿಂಗಳು ಬಿಡುತ್ತಾರೆ. ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪಿನಿಂದ ಬಿಟ್ಟುಕೊಂಡು ಉಂಡೆಯಾಗುತ್ತದೆ. ಆಗಿದೆಯೋ ಇಲ್ಲವೋ ತಿಳಿಯಲು ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸುತ್ತಾರೆ. ನೀರಿದ್ದರೆ ಒಂದು ಸದ್ದು, ಗಿಟುಕು ಬಿಟ್ಟಿದ್ದರೆ ಲೊಟಲೊಟ ಎಂದು ಇನ್ನೊಂದು. ಅಬ್ಬಾ ಈ ಕೆಲಸದಲ್ಲಿ ಇಪ್ಪತ್ತು ವರ್ಷದಿಂದ ಇದ್ದಾರೆ.

ಗಿಟಾರ್ ಮನೆಗೆ ಬಂದಾಗ ಶ್ರುತಿ ಪೂರ್ತಿ ಕೆಟ್ಟಿತ್ತು. ಪುಸ್ತಕದಲ್ಲಿ ಉಪಾಯ ಇದೆ. ಅತಿ ದಪ್ಪದ ಆರನೇ ತಂತಿಯನ್ನು ಐದನೇ ಫ್ರೆಟ್ಟಿನಲ್ಲಿ ಒತ್ತಿ ಮೀಟು. ಬಿಟ್ಟು ಮೀಟಿದ ಐದನೇ ತಂತಿ ಅದೇ ಸ್ವರ ಕೊಡಬೇಕು. ಹೀಗೆ ಒಂದರಿಂದ ಒಂದಕ್ಕೆ. ಎರಡನೇ ತಂತಿ ಹೊಂದಿಸುವಾಗ ಮಾತ್ರ ಮೂರನೇ ತಂತಿಯ ನಾಲ್ಕನೇ ಫ್ರೆಟ್ಟು. ಫೋನಿನಲ್ಲಿ ಇದಕ್ಕೆ ಆ್ಯಪ್ ಇದೆ, ಆದರೆ ನಮ್ಮ ಮನೆಯ ಫೋನು ಹಗಲೆಲ್ಲ ಅಮ್ಮಿಯ ಹತ್ತಿರ. ನಾನು ಹಿತ್ತಲಲ್ಲಿ ಕೂತು ಬಿರಡೆ ತಿರುಗಿಸುತ್ತಾ ಒಂದು ಗಂಟೆ ಒದ್ದಾಡಿದೆ. ಎರಡು ಸ್ವರ ಒಂದೇ ಆಗಬೇಕು ಎಂದು ಪುಸ್ತಕ ಹೇಳುತ್ತದೆ. ಒಂದೇ ಆದದ್ದು ಗೊತ್ತಾಗುವುದು ಹೇಗೆ ಎಂದು ಯಾವ ಪುಟದಲ್ಲೂ ಇಲ್ಲ.

ಅಬ್ಬಾ ಕೆಲಸ ಮುಗಿಸಿ ಬಂದು ಕೈಕಾಲು ತೊಳೆಯುತ್ತಿದ್ದರು. ನಾಲ್ಕನೇ ತಂತಿಯ ಹತ್ತಿರ ನಾನು ಹೊಂದಿತು ಎಂದುಕೊಂಡು ಮುಂದಿನದಕ್ಕೆ ಹೋಗುವಷ್ಟರಲ್ಲಿ ಬೆನ್ನು ತಿರುಗಿಸಿಕೊಂಡೇ, "ಅದು ಇನ್ನೂ ಆಗಿಲ್ಲ" ಎಂದರು. ಸ್ವಲ್ಪ ಬಿಗಿದೆ. "ಇನ್ನೂ." ಮತ್ತೆ ಬಿಗಿದೆ. "ಹ್ಞೂಂ, ಬಸ್." ಉಳಿದ ತಂತಿಗಳಿಗೂ ಹಾಗೇ ಆಯಿತು. ನೀರಿನ ಚೊಂಬು ಕೈಯಲ್ಲಿ ಹಿಡಿದು ಅವರು ಅಲ್ಲೇ ನಿಂತಿದ್ದರು. ನಾನು ಮೀಟುತ್ತಿದ್ದೆ, ಅವರು ಕಚ್ಚಾ, ಪಕ್ಕಾ ಎಂದು ಕಾಯಿಗೆ ಹೇಳುವ ಹಾಗೆ ಹೇಳುತ್ತಿದ್ದರು. ಅಬ್ಬಾ ಹಾಡು ಕೇಳುವವರಲ್ಲ. ಮದುವೆ ಮನೆಯಲ್ಲಿ ಬ್ಯಾಂಡ್ ಬಂದರೆ ಎದ್ದು ಹೊರಗೆ ಹೋಗುವವರು. ಆರೂ ತಂತಿ ಆದ ಮೇಲೆ ಒಟ್ಟಿಗೆ ಒಮ್ಮೆ ಮೀಟಲು ಹೇಳಿ, ಕೇಳಿ, ನಮಾಜಿಗೆ ಹೋದರು.

ಬೆರಳ ತುದಿ ನೋಯುತ್ತದೆ, ಕೆಲವು ದಿನದಲ್ಲಿ ಗಟ್ಟಿಯಾಗುತ್ತದೆ ಎಂದು ಎಲ್ಲ ಗಿಟಾರ್ ಪುಸ್ತಕಗಳೂ ಧೈರ್ಯ ಹೇಳುತ್ತವೆ. ನನಗೆ ಆರನೇ ದಿನ ಎಡಗೈ ತೋರುಬೆರಳಿನಲ್ಲಿ ದಡ್ಡು ಬಂತು. ಅಬ್ಬಾ ಅಂಗೈ ನೋಡಿದವನಿಗೆ ಅದನ್ನು ತೋರಿಸಿಕೊಳ್ಳಲು ನಾಚಿಕೆಯಾಯಿತು. ಪಿಕ್ ಇರಲಿಲ್ಲ. ಅಬ್ಬಾ ತಂದ ಚಿಪ್ಪಿನ ಚೂರನ್ನು ಕಲ್ಲಿಗೆ ತಿಕ್ಕಿ ನಯ ಮಾಡಿಕೊಂಡೆ. ಚೆನ್ನಾಗಿ ಕೆಲಸ ಮಾಡುತ್ತದೆ, ಸದ್ದು ಮಾತ್ರ ಸ್ವಲ್ಪ ಗಡಸು.

ಉಳಿದ ಎರಡು ಪುಸ್ತಕಗಳ ವಿಷಯ. ತುರುವೇಕೆರೆ ಗೆಳೆಯನಿಗೆ ದೀಪಾವಳಿಗೆ ಅವನ ಚಿಕ್ಕಪ್ಪ ಕೊಟ್ಟದ್ದು ಕಾರ್ಡ್‌ಗಳ ನಿಘಂಟು. ಪುಟ ತುಂಬ ಚೌಕಟ್ಟು, ಚುಕ್ಕೆ, ಸಾವಿರಾರು. ಹೊಸಬರಿಗೆ ಇದಕ್ಕಿಂತ ಕೆಟ್ಟ ಉಡುಗೊರೆ ಇಲ್ಲವೆಂದು ನನ್ನ ಖಚಿತ ಅಭಿಪ್ರಾಯ. ಭಾಷೆ ಬಾರದವನಿಗೆ ಡಿಕ್ಷನರಿ ಕೊಟ್ಟು ಮಾತಾಡು ಎಂದ ಹಾಗೆ. ರಘು ದೀಕ್ಷಿತ್ ಗಿಟಾರ್ ಹಿಡಿದು ಶಿಶುನಾಳ ಷರೀಫರ ತತ್ವಪದ ಹಾಡುವುದನ್ನು ನಾವು ಮೂವರೂ ಕೇಳಿದ್ದೆವು. ಷರೀಫರು 1889ರಲ್ಲೇ ತೀರಿಕೊಂಡವರು, ಅವರ ಕೈಯಲ್ಲಿ ಗಿಟಾರ್ ಇರಲಿಲ್ಲ. ಆದರೂ ಅವರ ಪದ ಅದರ ಮೇಲೆ ಕೂರುತ್ತದೆ. ನಾವು ಒಂದು ಪದವನ್ನು ಜಿ, ಸಿ, ಡಿ ಮೂರೇ ಕಾರ್ಡಿನಲ್ಲಿ ನಮ್ಮ ಮಟ್ಟಿಗೆ ಹೊಂದಿಸಿದೆವು. ಅಷ್ಟು ದಪ್ಪ ಪುಸ್ತಕದಲ್ಲಿ ನಮಗೆ ಬೇಕಾದದ್ದು ಮೂರು ಚೌಕ.

ಚಿಕ್ಕನಾಯಕನಹಳ್ಳಿ ಬಸ್ಸಿನಲ್ಲಿ ಬರುವವನಿಗೆ ಬಂದದ್ದು ಬಾಬ್ ಡಿಲನ್ ಆತ್ಮಕಥೆ 'ಕ್ರಾನಿಕಲ್ಸ್', 2004ರಲ್ಲಿ ಪ್ರಕಟವಾದದ್ದು. ಅವನಕ್ಕನಿಗೆ ಬೆಂಗಳೂರಿನ ಆಫೀಸಿನಲ್ಲಿ ಕ್ರಿಸ್‌ಮಸ್ ಉಡುಗೊರೆಯಾಗಿ ಸಿಕ್ಕಿತ್ತು, ಅವಳು ಅದನ್ನು ಹಾಗೇ ಇವನಿಗೆ ದಾಟಿಸಿದಳು. ಹಾಡು ಬರೆದೇ 2016ರಲ್ಲಿ ಸಾಹಿತ್ಯದ ನೊಬೆಲ್ ಪಡೆದವರ ಪುಸ್ತಕ. ಅದರಲ್ಲಿ ನುಡಿಸಲು ಒಂದು ಪಾಠವೂ ಇಲ್ಲ. ನನಗೆ ಹತ್ತು ಪುಟಕ್ಕೆ ಸಾಕಾಯಿತು. ಅವನು ಮಾತ್ರ ದಿನಾ ಬಸ್ಸಿನಲ್ಲಿ ಎರಡು ಪುಟ ಓದುತ್ತಾನೆ, ಗೊತ್ತಿಲ್ಲದ ಪದ ಇಂಗ್ಲಿಷ್ ಮೇಡಂ ಹತ್ತಿರ ಕೇಳುತ್ತಾನೆ. ಗಿಟಾರ್ ಮುಟ್ಟುವುದಕ್ಕಿಂತ ಅದರ ಬಗ್ಗೆ ಓದುವುದೇ ಅವನಿಗೆ ಇಷ್ಟ. ಅಂಥವರೂ ಇರುತ್ತಾರೆ.

ಹನ್ನೊಂದನೇ ದಿನ ಗಿಟಾರ್ ತುರುವೇಕೆರೆಗೆ ವಾಪಸ್ ಹೋಯಿತು. ಬಿ.ಕಾಂ ಸೇರಿದ ಮೇಲೆ ಸ್ವಂತದ್ದು ಕೊಳ್ಳಬಹುದಾ ಎಂದು ಅಬ್ಬಾನನ್ನು ಕೇಳಿದ್ದೇನೆ. "ದೇಖೇಂಗೆ" ಎಂದಿದ್ದಾರೆ. ನಮ್ಮ ಮನೆಯಲ್ಲಿ ಆ ಪದಕ್ಕೆ ಎರಡೂ ಅರ್ಥ ಇದೆ. ಈದಿ ಹಣ ಎರಡು ವರ್ಷದ್ದು ಒಟ್ಟುಗೂಡಿಸಿಟ್ಟಿದ್ದೇನೆ, ಅರ್ಧವೂ ಆಗಿಲ್ಲ.

ಮೆಲ್ ಬೇ ಪುಸ್ತಕ ಸದ್ಯಕ್ಕೆ ಪ್ರಥಮ ಪಿಯುಸಿಯ ಒಬ್ಬ ಹುಡುಗನ ಹತ್ತಿರ ಇದೆ. ಅವನ ಮನೆಯಲ್ಲೂ ಗಿಟಾರ್ ಇಲ್ಲ, ಆದ್ದರಿಂದ ಮಟ್ಟೆಯನ್ನೂ ಜೊತೆಗೆ ಕೊಟ್ಟಿದ್ದೇನೆ. ನಮ್ಮ ಪರೀಕ್ಷೆ ಮುಗಿಯುವವರೆಗೆ ಇಟ್ಟುಕೊಳ್ಳಲಿ. ಈದ್‌ಗೆ ಮಾಮು ಬಂದರೆ ಎಷ್ಟನೇ ಪುಟದವರೆಗೆ ಬಂದೆ ಎಂದು ಕೇಳುತ್ತಾರೆ, ಅಷ್ಟರೊಳಗೆ ವಾಪಸ್ ಬೇಕು. ಸಡಿಲವಾದ ಎರಡು ಹಾಳೆಗಳನ್ನು ಅಂಟಿಸಿ ಕೊಟ್ಟಿದ್ದೇನೆ, ನೋಡಿಕೊಂಡು ತಿರುವಬೇಕು.