ಹಿಂದಿನ ಎರಡೇ ಚಕ್ರ ಸಾಕಿತ್ತು

ಈಗಷ್ಟೇ 1983ರ ಮಾಂಟೆ ಕಾರ್ಲೊ ರ‍್ಯಾಲಿಯ ಹಳೇ ವಿಡಿಯೋ ನೋಡ್ತಿದ್ದೆ. ಆಡಿ ಕ್ವಾಟ್ರೊದಲ್ಲಿ ನಾಲ್ಕೂ ಚಕ್ರಕ್ಕೆ ಪವರ್. ಲ್ಯಾನ್ಸಿಯಾ 037ರಲ್ಲಿ ಹಿಂದಿನ ಎರಡಕ್ಕೆ ಮಾತ್ರ. ಆದರೂ ಗೆದ್ದದ್ದು ವಾಲ್ಟರ್ ರೋರ್ಲ್ ಓಡಿಸಿದ ಲ್ಯಾನ್ಸಿಯಾ! ಆ ವರ್ಷದ ತಯಾರಕರ ವಿಶ್ವ ಪ್ರಶಸ್ತಿಯೂ ಅದಕ್ಕೇ, ಬರೀ 2 ಅಂಕದಿಂದ. ಆಮೇಲೆ ಹಿಂಬದಿ ಚಕ್ರದ ಯಾವ ಕಾರಿಗೂ ಅದು ಸಿಕ್ಕಿಲ್ಲ.

ಹಿಮ, ಜಲ್ಲಿ, ಮಳೆ ಅಂದ್ರೆ ನಾಲ್ಕು ಚಕ್ರದ ಹಿಡಿತಕ್ಕೆ ಸಾಟಿಯಿಲ್ಲ, ಖಂಡಿತ ಒಪ್ತೀನಿ. ಆದರೆ ಒಣ ಡಾಂಬರು, ಹಗುರ ಕಾರು, ಮುಂದಿನ ಚಕ್ರಗಳಿಗೆ ಎಂಜಿನ್ ಎಳೆತದ ಹೊರೆಯಿಲ್ಲ. ತಿರುವಿನಲ್ಲಿ ಸ್ಟೀರಿಂಗ್ ಎಷ್ಟು ಶುದ್ಧವಾಗಿ ಮಾತು ಕೇಳುತ್ತೆ ನೋಡಿ! ಆಕ್ಸಿಲರೇಟರ್ ಒತ್ತಿ ಹಿಂಭಾಗವನ್ನೂ ತಿರುಗಿಸಬಹುದು. ಸೆಕೆಂಡು ಲೆಕ್ಕದಲ್ಲಿ ಸೋತರೂ ಓಡಿಸೋ ಖುಷಿಗೆ ನನ್ನ ಓಟು ಹಿಂದಿನ ಚಕ್ರಕ್ಕೇ. ನಿಮ್ಮದು?