ಜೀವವೆಂಬ ನ್ಯಾಸ

ಒಬ್ಬರು ನಂಬಿಕೆಯಿಂದ ಇನ್ನೊಬ್ಬರ ವಶದಲ್ಲಿ ಇರಿಸಿದ ಒಡವೆಗೆ ಶಾಸ್ತ್ರದಲ್ಲಿ ನ್ಯಾಸವೆಂದು ಹೆಸರು. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಶ್ರಾವಕವ್ರತಗಳ ಅತಿಚಾರಗಳನ್ನು ಹೇಳುವಾಗ, ನ್ಯಾಸಾಪಹಾರವನ್ನು ಅಚೌರ್ಯಾಣುವ್ರತದಲ್ಲಿ ಸೇರಿಸದೆ ಸತ್ಯಾಣುವ್ರತದಲ್ಲಿ ಎಣಿಸಿರುವುದು ವಿಚಾರಣೀಯವಾಗಿದೆ. ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಇದರ ಅರ್ಥವನ್ನು ಬಿಡಿಸಿದ್ದಾರೆ. ಒಡವೆಯಿಟ್ಟವನು ಅದರ ಸಂಖ್ಯೆಯನ್ನು ಮರೆತು ಕಡಿಮೆ ಕೇಳಿದಾಗ, ಇಟ್ಟುಕೊಂಡವನು ನಿಜವನ್ನು ತಿಳಿದೂ ಹೌದೆಂದುಬಿಟ್ಟರೆ ಅದೇ ನ್ಯಾಸಾಪಹಾರ. ಅಲ್ಲಿ ಕೈ ಏನನ್ನೂ ಕದಿಯಲಿಲ್ಲ. ಇಟ್ಟವನ ಮರೆವಿನ ಲಾಭವನ್ನು ಮಾತು ಪಡೆದುಕೊಂಡಿತು. ಆದುದರಿಂದ ನೆನಪಿಸುವ ಹೊಣೆ ಇಟ್ಟವನಿಗಿಂತ ಇಟ್ಟುಕೊಂಡವನ ಮೇಲೆಯೇ ಹೆಚ್ಚಾಗಿದೆ.

ಕೊಡಗಿನಲ್ಲಿ ಕಾಳುಮೆಣಸು, ಏಲಕ್ಕಿಗಳ ವ್ಯಾಪಾರ ಮಾಡುವವನಿಗೆ ನ್ಯಾಸವು ಹೊಸ ವಿಷಯವಲ್ಲ. ಬೆಲೆ ಏರಲೆಂದು ಕಾಯುವ ಬೆಳೆಗಾರರು ಮೂಟೆಗಳನ್ನು ನಮ್ಮ ಉಗ್ರಾಣದಲ್ಲಿ ತಿಂಗಳುಗಟ್ಟಲೆ ಇರಿಸುವುದುಂಟು. ಒಣಗಿದ ಸರಕನ್ನು ತೂಗಿ, ಲೆಕ್ಕದಲ್ಲಿ ಬರೆದು, ತೇವ ತಾಗದಂತೆ ಬೀಗ ಹಾಕಿದರೆ ಬಹುಮಟ್ಟಿಗೆ ಕರ್ತವ್ಯ ಮುಗಿಯುತ್ತದೆ. ಚಿನ್ನವಾದರೆ ಅದೂ ಬೇಡ. ಮುಟ್ಟದೆ ಇರುವುದೇ ಅದರ ರಕ್ಷಣೆ. ಜೀವವನ್ನು ನ್ಯಾಸವಾಗಿ ಪಡೆದವನ ಸ್ಥಿತಿ ಇದಕ್ಕೆ ವಿರುದ್ಧವಾದುದು. ಅದನ್ನು ಮುಟ್ಟದೆ ಬಿಟ್ಟರೆ ಅದು ಉಳಿಯುವುದೇ ಇಲ್ಲ. ಈ ಭೇದವು ನನಗೆ ಸ್ಪಷ್ಟವಾದದ್ದು ಒಂದು ಬೆಕ್ಕಿನ ನಿಮಿತ್ತದಿಂದ.

ಸೋಮವಾರಪೇಟೆಯ ನಮ್ಮ ಬೀದಿಯಲ್ಲಿ ವಯಸ್ಸಾದ ಕೊಡವ ದಂಪತಿಗಳು ನೆರೆಯವರಾಗಿದ್ದಾರೆ. ಕಳೆದ ವರ್ಷ ಕಕ್ಕಡ ಮಾಸದಲ್ಲಿ ಅವರು ಹನ್ನೆರಡು ದಿನಗಳ ಮಟ್ಟಿಗೆ ಮಗನ ಊರಿಗೆ ಹೋಗಿಬರಲು ನಿಶ್ಚಯಿಸಿದರು. ಅವರ ಮನೆಯ ಕರಿಯನೆಂಬ ಗಂಡುಬೆಕ್ಕಿಗೆ ಹನ್ನೊಂದು ವರ್ಷ, ಸಕ್ಕರೆ ಕಾಯಿಲೆಯಿದೆ. ನಡುವಯಸ್ಸು ದಾಟಿದ, ಸಂತಾನಹರಣ ಚಿಕಿತ್ಸೆಯಾದ, ಮೈಭಾರವುಳ್ಳ ಗಂಡುಬೆಕ್ಕುಗಳಲ್ಲಿ ಈ ರೋಗ ಹೆಚ್ಚಾಗಿ ಕಾಣುತ್ತದೆಯೆಂದು ಪಶುವೈದ್ಯರು ಹೇಳುತ್ತಾರೆ. ಅತಿಯಾದ ಬಾಯಾರಿಕೆ, ಪದೇ ಪದೇ ಮೂತ್ರ, ತಿಂದರೂ ಸೊರಗುವ ದೇಹ, ಕೆಲವೊಮ್ಮೆ ಹಿಂಗಾಲಿನ ಹಿಮ್ಮಡಿಯನ್ನು ನೆಲಕ್ಕೂರಿ ನಡೆಯುವುದು, ಇವು ಅದರ ಲಕ್ಷಣಗಳು. ದಿನಕ್ಕೆ ಎರಡು ಬಾರಿ, ಸುಮಾರು ಹನ್ನೆರಡು ಗಂಟೆಗಳ ಅಂತರದಲ್ಲಿ, ಬೆನ್ನಿನ ಸಡಿಲ ಚರ್ಮದಡಿಯಲ್ಲಿ ಇನ್ಸುಲಿನ್ ಚುಚ್ಚಬೇಕು. ನಮಗೆ ಅದು ಚಾತುರ್ಮಾಸದ ಕಾಲ. ದೂರ ಪ್ರಯಾಣಗಳನ್ನು ಕಡಿಮೆ ಮಾಡಿ ಮನೆಯಲ್ಲಿಯೇ ಇರುತ್ತೇವೆಂದು ಬಲ್ಲ ಅವರು ನಮ್ಮನ್ನು ಕೇಳಿದರು.

ಬೆಕ್ಕನ್ನು ನಮ್ಮ ಮನೆಗೆ ತರುವುದು ಸುಲಭವೆಂದು ಮೊದಲು ತೋರಿತು. ವೈದ್ಯರು ಬೇಡವೆಂದರು. ಬೆಕ್ಕು ಸ್ಥಳಕ್ಕೆ ಒಗ್ಗಿದ ಪ್ರಾಣಿ. ಅಪರಿಚಿತ ಮನೆಯ ಭಯದಿಂದ ಅದು ಆಹಾರ ಬಿಡಬಹುದು, ರಕ್ತದ ಸಕ್ಕರೆಯೂ ಏರಬಹುದು. ಆದುದರಿಂದ ಬೆಕ್ಕು ಅಲ್ಲಿಯೇ ಇರುವುದು, ಬೆಳಿಗ್ಗೆ ಮತ್ತು ಸಂಜೆ ಆರೂವರೆಗೆ ನಾವೇ ಅಲ್ಲಿಗೆ ಹೋಗುವುದು ಎಂದು ನಿರ್ಣಯವಾಯಿತು. ನಮ್ಮ ಸಾಮಾಯಿಕದ ವೇಳೆಯನ್ನು ಸ್ವಲ್ಪ ಹಿಂದೆ ಮುಂದೆ ಮಾಡಿಕೊಂಡೆವು.

ಆದರೆ ಒಪ್ಪುವ ಮೊದಲು ಹೇಳಲೇಬೇಕಾದ ಎರಡು ಮಾತುಗಳಿದ್ದವು. ಬೆಕ್ಕು ಸ್ವಭಾವತಃ ಮಾಂಸಾಹಾರಿ. ಬೆಕ್ಕು ಮೊದಲಾದ ಹಿಂಸ್ರ ಪ್ರಾಣಿಗಳನ್ನು ಸಾಕುವುದನ್ನು ಕಾರ್ತಿಕೇಯಾನುಪ್ರೇಕ್ಷೆಯು ಅನರ್ಥದಂಡದಲ್ಲಿ ಎಣಿಸುತ್ತದೆ. ಇದು ನಾವು ಸಾಕಿದ ಬೆಕ್ಕಲ್ಲವಾದರೂ, ಅದರ ಡಬ್ಬಿಯ ಆಹಾರದಲ್ಲಿ ಮಾಂಸವಿರುತ್ತದೆ. ಅದನ್ನು ನಾವು ಕೊಳ್ಳುವುದಿಲ್ಲ, ನಮ್ಮ ಕೈಯಿಂದ ಬಡಿಸುವುದಕ್ಕೂ ಮನಸ್ಸು ಒಪ್ಪದು ಎಂದು ತಿಳಿಸಿದೆನು. ಎರಡನೆಯದಾಗಿ, ಬೆಕ್ಕಿನ ಸ್ಥಿತಿ ತೀರ ಕೆಟ್ಟರೆ ಚಿಕಿತ್ಸೆಗೆ ಒಯ್ಯುವೆವು, ಆದರೆ ಸೂಜಿಯಿಂದ ಪ್ರಾಣ ಕಳೆಯುವುದಕ್ಕೆ ನಮ್ಮ ಸಮ್ಮತಿ ದೊರೆಯದು. ಅಂತಹ ನಿರ್ಣಯಕ್ಕೆ ಬೇರೊಬ್ಬರನ್ನು ಗೊತ್ತುಮಾಡಬೇಕೆಂದೆನು. ನೆರೆಯವರು ನೊಂದುಕೊಳ್ಳಲಿಲ್ಲ. ಆಹಾರವಿಡುವುದಕ್ಕೆ ಅವರ ಮನೆಗೆಲಸದ ಹೆಂಗಸನ್ನು, ಉಳಿದ ನಿರ್ಣಯಗಳಿಗೆ ಕುಶಾಲನಗರದ ತಮ್ಮ ಬಂಧುವನ್ನು ಗೊತ್ತುಮಾಡಿದರು. ವ್ರತದ ಎಲ್ಲೆಯನ್ನು ಒಪ್ಪಿಕೊಳ್ಳುವ ಮುನ್ನ ಹೇಳಿದರೆ ಅದು ಪ್ರಾಮಾಣಿಕತೆ; ಒಪ್ಪಿಕೊಂಡ ಮೇಲೆ ಹೇಳಿದರೆ ನಂಬಿದವರಿಗೆ ಅದು ವಂಚನೆಯಾಗಿಯೇ ಕಾಣುವುದು.

ಅನಂತರ ಕೇಳಿ ತಿಳಿಯುವ ಕೆಲಸ. ಹೊರಡುವ ಸಂಭ್ರಮದಲ್ಲಿರುವವರು ಅರ್ಧವನ್ನು ಮರೆಯುತ್ತಾರೆ. ಅವರಿಗೆ ನಿತ್ಯದ ಅಭ್ಯಾಸವಾದುದು ಹೇಳತಕ್ಕ ವಿಷಯವೆಂದೇ ಹೊಳೆಯುವುದಿಲ್ಲ. ಬೆಕ್ಕು ಹೆದರಿದಾಗ ಎಲ್ಲಿ ಅಡಗುತ್ತದೆ, ಎಷ್ಟು ತಿಂದರೆ ತಿಂದಂತೆ, ವೈದ್ಯರಿಗೆ ಎಷ್ಟು ಹಣದವರೆಗೆ ಕೇಳದೆ ಕೊಡಬಹುದು, ಔಷಧದ ಸೀಸೆ ಒಡೆದರೆ ಇನ್ನೊಂದು ಎಲ್ಲಿದೆ ಎಂದು ಒಂದೊಂದನ್ನೂ ಕೇಳಿ ಬರೆದುಕೊಂಡೆವು. ಅವರು ಹೊರಡುವುದಕ್ಕೆ ಮೂರು ದಿನ ಮೊದಲೇ ಹೋಗಿ, ಅವರ ಕಣ್ಣೆದುರಿನಲ್ಲಿ ನಾವೇ ಚುಚ್ಚಿ ಅಭ್ಯಾಸ ಮಾಡಿದೆವು.

ಅಳತೆಯ ವಿಷಯದಲ್ಲಿ ವೈದ್ಯರು ನೀಡಿದ ಎಚ್ಚರಿಕೆಯನ್ನು ಎಲ್ಲರೂ ತಿಳಿದಿರುವುದು ಒಳ್ಳೆಯದು. ನಮ್ಮ ದೇಶದಲ್ಲಿ ಇನ್ಸುಲಿನ್ ಮುಖ್ಯವಾಗಿ ಎರಡು ಸಾಂದ್ರತೆಗಳಲ್ಲಿ ದೊರೆಯುತ್ತದೆ: ಒಂದು ಮಿಲಿಲೀಟರಿಗೆ 40 ಯೂನಿಟ್ಟಿನದು, 100 ಯೂನಿಟ್ಟಿನದು. ಮೊದಲನೆಯದರ ಸಿರಿಂಜಿಗೆ ಕೆಂಪು ಮುಚ್ಚಳ, ಎರಡನೆಯದಕ್ಕೆ ಕಿತ್ತಳೆ ಬಣ್ಣದ ಮುಚ್ಚಳ. 100ರ ಔಷಧವನ್ನು 40ರ ಸಿರಿಂಜಿನಲ್ಲಿ ಎಳೆದರೆ ಎರಡೂವರೆ ಪಟ್ಟು ಹೆಚ್ಚು ಹೋಗುತ್ತದೆ. ಒಂದೆರಡು ಯೂನಿಟ್ಟಿನಲ್ಲಿ ಬದುಕುವ ಪುಟ್ಟ ಪ್ರಾಣಿಗೆ ಅದು ಮೃತ್ಯುಸಮಾನ. ಹೀನಾಧಿಕ ಮಾನೋನ್ಮಾನವೆಂಬ ಅತಿಚಾರವನ್ನು ನಾವು ತಕ್ಕಡಿ ಕೊಳಗಗಳಿಗೆ ಮಾತ್ರ ಅನ್ವಯಿಸಿ ಓದುತ್ತ ಬಂದಿದ್ದೇವೆ. ಅಳತೆಯ ಪ್ರಮಾದವು ಗಿರಾಕಿಯ ಹಣವನ್ನಷ್ಟೇ ಅಲ್ಲ, ಪ್ರಾಣವನ್ನೂ ಕೊಂಡೊಯ್ಯಬಲ್ಲದು.

ಬರವಣಿಗೆಗೂ ಇದೇ ಮಾತು. ಇಬ್ಬರು ಮೂವರು ಸೇರಿ ನೋಡಿಕೊಳ್ಳುವಲ್ಲಿ ಒಬ್ಬರು ಕೊಟ್ಟುದನ್ನು ಅರಿಯದೆ ಇನ್ನೊಬ್ಬರು ಮತ್ತೆ ಕೊಡುವ ಭಯವಿದೆ. ಅದಕ್ಕಾಗಿ ಅಡುಗೆಮನೆಯ ಗೋಡೆಗೆ ಒಂದು ಹಾಳೆಯನ್ನು ಅಂಟಿಸಿ ದಿನ, ವೇಳೆ, ತಿಂದ ಪ್ರಮಾಣ, ಕೊಟ್ಟ ಯೂನಿಟ್ಟು, ಕೊಟ್ಟವರ ಸಹಿ ಎಂದು ಅಂಕಣಗಳನ್ನು ಎಳೆದೆನು. ತಿನ್ನದಿದ್ದರೆ ತಿನ್ನಲಿಲ್ಲವೆಂದೂ, ಚುಚ್ಚುವಾಗ ಬೆಕ್ಕು ಕೊಸರಿ ಔಷಧ ಕೂದಲಿನ ಮೇಲೆ ಚೆಲ್ಲಿದ ಸಂದೇಹವಿದ್ದರೆ ಸಂದೇಹವೆಂದೂ ಬರೆಯತಕ್ಕದ್ದು. ಸಂದೇಹವಿದ್ದಾಗ ಎರಡನೆಯ ಬಾರಿ ಕೊಡತಕ್ಕದ್ದಲ್ಲ. ಹೆಚ್ಚಾದ ಔಷಧದಿಂದ ಸಕ್ಕರೆ ಕುಸಿದರೆ ಬೆಕ್ಕು ತೂರಾಡುತ್ತದೆ, ನಡುಗುತ್ತದೆ, ಸೆಳವೂ ಬರಬಹುದು. ಆಗ ಒಸಡಿಗೆ ಜೇನನ್ನು ಸವರುವುದು ವಾಡಿಕೆ. ಮಧುತ್ಯಾಗಿಗಳಾದ ನಾವು ಅದರ ಬದಲು ಗ್ಲೂಕೋಸಿನ ದ್ರಾವಣವನ್ನು ಸಿದ್ಧವಾಗಿರಿಸಿದೆವು. ಅದೂ ಅಷ್ಟೇ ಸಮರ್ಥವೆಂದು ವೈದ್ಯರು ಒಪ್ಪಿದರು. ಮಳೆಗಾಲದಲ್ಲಿ ವಿದ್ಯುತ್ತು ಹೋಗುವ ಚಿಂತೆಯೂ ಇತ್ತು. ಬಳಸುತ್ತಿರುವ ಸೀಸೆಯು ನಮ್ಮ ಊರಿನ ತಂಪಿನಲ್ಲಿ ಕೆಲವು ದಿನ ಫ್ರಿಜ್ಜಿಲ್ಲದೆ ಕೆಡುವುದಿಲ್ಲ, ಹೆಪ್ಪುಗಟ್ಟಿದರೆ ಮಾತ್ರ ನಿರುಪಯೋಗಿಯೆಂದು ತಿಳಿದು ಸಮಾಧಾನವಾಯಿತು.

ಚುಚ್ಚುವ ಔಷಧವಾದರೂ ನಿರ್ದೋಷವೇ ಎಂದು ನನ್ನ ಶ್ರೀಮತಿಯವರು ಕೇಳಿದ್ದು ಉಚಿತವೇ ಆಗಿತ್ತು. 1921ರಲ್ಲಿ ಕೆನಡಾದ ಟೊರಾಂಟೊದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಇದನ್ನು ಕಂಡುಕೊಂಡದ್ದು ನಾಯಿಗಳ ಮೇಲಿನ ಪ್ರಯೋಗಗಳಿಂದ. ಅನಂತರ ದಶಕಗಳ ಕಾಲ ದನ ಮತ್ತು ಹಂದಿಗಳ ಮೇದೋಜೀರಕ ಗ್ರಂಥಿಯಿಂದ ಇದನ್ನು ತೆಗೆಯುತ್ತಿದ್ದರು. 1982ರಿಂದ ಸೂಕ್ಷ್ಮಜೀವಿಗಳ ಮೂಲಕ ತಯಾರಿಸಿದ ಮಾನವ ಇನ್ಸುಲಿನ್ ಬಳಕೆಗೆ ಬಂದಿತು. ನಮ್ಮ ಬೆಂಗಳೂರಿನ ಬಯೋಕಾನ್ ಸಂಸ್ಥೆಯೂ 2004ರಲ್ಲಿ ಯೀಸ್ಟಿನಿಂದ ಅದನ್ನು ತಯಾರಿಸಿ ಮಾರುಕಟ್ಟೆಗೆ ತಂದಿತು. ಹಿಂದಿನ ಹಿಂಸೆಯ ಋಣವು ಇದರಿಂದ ಅಳಿಯಿತೆಂದು ನಾನು ಹೇಳಲಾರೆನು. ಗೃಹಸ್ಥನ ಬದುಕಿನಲ್ಲಿ ಸಂಪೂರ್ಣ ನಿರ್ದೋಷವಾದ ವಸ್ತು ದುರ್ಲಭ. ಅದಕ್ಕಾಗಿಯೇ ನಮ್ಮದು ಅಣುವ್ರತ.

ಎಂಟು ದಿನಗಳು ಸುಗಮವಾಗಿ ಕಳೆದವು. ಒಂಬತ್ತನೆಯ ದಿನ ಮಧ್ಯಾಹ್ನದಿಂದ ಗಾಳಿಮಳೆ. ಮರಗಳು ಬಿದ್ದು ದಾರಿಗಳು ಕಟ್ಟಿದವು. ತೋಟದ ಲೈನುಮನೆಯಿಂದ ಬರಬೇಕಾದ ಕೆಲಸದ ಹೆಂಗಸು ಬರಲಾಗಲಿಲ್ಲ. ಕುಶಾಲನಗರದ ಬಂಧುವೂ ಬರುವಂತಿರಲಿಲ್ಲ. ಆಹಾರವಿಲ್ಲದೆ ಇನ್ಸುಲಿನ್ ಕೊಡಬಾರದೆಂದು ಗೊತ್ತಿತ್ತು. ವೈದ್ಯರಿಗೆ ದೂರವಾಣಿ ಮಾಡಿದಾಗ ಅವರು ಹೇಳಿದ್ದು ಇಷ್ಟು: ಒಂದು ಹೊತ್ತಿನ ಚುಚ್ಚುಮದ್ದು ತಪ್ಪಿದರೆ ಅಪಾಯವಿಲ್ಲ, ಆದರೆ ಈ ರೋಗಿಯನ್ನು ಉಪವಾಸ ಕೆಡವಬೇಡಿರಿ.

ಆ ಉತ್ತರವು ನನ್ನನ್ನು ಬಹಳ ಹೊತ್ತು ನಿಲ್ಲಿಸಿತು. ನನ್ನ ಪಾಲೆಂದು ಸಂತೋಷದಿಂದ ಒಪ್ಪಿಕೊಂಡಿದ್ದ ಕೆಲಸವನ್ನು ಬಿಡಬಹುದಾಗಿತ್ತು. ನನ್ನದಲ್ಲವೆಂದು ಬೇರೆ ಇರಿಸಿದ್ದ ಕೆಲಸವನ್ನು ಮಾತ್ರ ಬಿಡುವಂತಿರಲಿಲ್ಲ. ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಕಡೆಯದು ಅನ್ನಪಾನನಿರೋಧ. ಬಾಗಿಲು ಮುಚ್ಚಿದ ಮನೆಯಲ್ಲಿರುವ ಪ್ರಾಣಿಗೆ ಬೀಗದ ಕೈ ಯಾರಲ್ಲಿದೆಯೋ ಅವನೇ ಅನ್ನದಾತ, ಅವನೇ ನಿರೋಧಕ. ನನ್ನ ಶ್ರೀಮತಿಯವರು ಟಾರ್ಚು ಹಿಡಿದರು. ನಾನು ಡಬ್ಬಿಯನ್ನು ತೆರೆದು ಆ ಮನೆಯದೇ ಚಮಚದಿಂದ ಬಟ್ಟಲಿಗೆ ಬಡಿಸಿದೆನು. ಕರಿಯನು ಪೂರ್ತಿಯಾಗಿ ತಿಂದನು. ಬಳಿಕ ಅಳತೆಯಂತೆ ಚುಚ್ಚಿ, ಹಾಳೆಯಲ್ಲಿ ಬಡಿಸಿದವರ ಹೆಸರಿನ ಕಡೆ ನನ್ನ ಸಹಿಯನ್ನೇ ಹಾಕಿದೆನು. ಮನೆಗೆ ಬಂದು ಸ್ನಾನ ಮಾಡಿ ಪ್ರತಿಕ್ರಮಣಕ್ಕೆ ಕುಳಿತೆನು. ಮರುದಿನ ಏಕಾಶನ ಮಾಡಿದೆನು. ಬಡಿಸಿದ್ದು ತಪ್ಪೆಂದು ಅಲ್ಲ, ವ್ರತದ ಅಂಚನ್ನು ಮುಟ್ಟಿದವನು ಅದನ್ನು ಗಮನಿಸದೆ ದಾಟಬಾರದೆಂದು.

ಶಾಸ್ತ್ರಜ್ಞರಾದ ನನ್ನ ಮಿತ್ರರೊಬ್ಬರು ಇದನ್ನು ಕೇಳಿ ಆಕ್ಷೇಪಿಸಿದರು. ಕೃತ, ಕಾರಿತ, ಅನುಮೋದನ ಎಂಬ ಮೂರು ದ್ವಾರಗಳಲ್ಲಿ ಯಾವುದರಿಂದ ಬಂದರೂ ಕರ್ಮವು ಕರ್ಮವೇ ಎಂದರು. ಅವರ ಮಾತನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅದೇ ತರ್ಕವನ್ನು ಮುಂದುವರಿಸಿದರೆ, ಎಂಟು ದಿನ ಆ ಹೆಂಗಸು ಬಡಿಸಲೆಂದು ನಾನು ಏರ್ಪಡಿಸಿದ್ದೂ ಕಾರಿತವೇ ಆಗಿತ್ತಲ್ಲವೇ? ಬಡವರ ಕೈಯಿಂದ ಮಾಡಿಸಿದ್ದು ನಮ್ಮನ್ನು ತಾಗದೆಂಬ ನೆಮ್ಮದಿ ನಮ್ಮ ಅನೇಕ ಮನೆಗಳಲ್ಲಿದೆ. ವಹಿಸಿಕೊಡುವುದರಿಂದ ಕೆಲಸವು ಕೈ ಬದಲಿಸುತ್ತದೆ, ಹೊಣೆಯು ಬದಲಿಸುವುದಿಲ್ಲ. ನಾನು ಮಾಡಿದ್ದನ್ನು ವಿಧಿಯೆಂದು ಯಾರಿಗೂ ಉಪದೇಶಿಸುತ್ತಿಲ್ಲ. ಈ ಪ್ರಶ್ನೆಯನ್ನು ತ್ಯಾಗಿಗಳ ಮುಂದೆಯೂ ವಿದ್ವಾಂಸರ ಮುಂದೆಯೂ ಇಡುತ್ತಿದ್ದೇನೆ.

ನೆರೆಯವರು ಹಿಂದಿರುಗಿದ ದಿನ ಉಳಿದ ಡಬ್ಬಿಗಳನ್ನೂ ಸಿರಿಂಜುಗಳನ್ನೂ ಎಣಿಸಿ, ಹಾಳೆಯೊಡನೆ ಒಪ್ಪಿಸಿದೆವು. ಏಳನೆಯ ದಿನದ ಬೆಳಿಗ್ಗೆ ಎದುರಿಗೆ ಸಂದೇಹವೆಂದು ಬರೆದಿದ್ದುದನ್ನು ಅವರು ಕೇಳದಿದ್ದರೂ ತೋರಿಸಿದೆವು.

2018ರ ಆಗಸ್ಟಿನಲ್ಲಿ ಮಡಿಕೇರಿಯ ಸುತ್ತಣ ಬೆಟ್ಟಗಳು ಕುಸಿದಾಗ ಎಷ್ಟೋ ಕುಟುಂಬಗಳು ಉಟ್ಟ ಬಟ್ಟೆಯಲ್ಲಿ ಹೊರಟುಬಂದವು. ದನಗಳೂ ನಾಯಿಗಳೂ ಹಿಂದೆ ಉಳಿದವು. ಅದು ಯಾರ ಕೈಯಲ್ಲಿಯೂ ಇರಲಿಲ್ಲ. ಆದರೆ ತೀರ್ಥಯಾತ್ರೆಯೂ ವಿಹಾರಯಾತ್ರೆಯೂ ನಾವು ಮುಂಚಿತವಾಗಿ ದಿನ ನೋಡಿ ಹೊರಡುವಂಥವು. ಆಗ ಮನೆಯಲ್ಲಿರುವ ಹಸು, ನಾಯಿ, ಬೆಕ್ಕು, ಪಂಜರದ ಪಕ್ಷಿ ಯಾರ ವಶವೆಂಬುದನ್ನು ಟಿಕೆಟ್ಟಿಗಿಂತ ಮೊದಲೇ ನಿಶ್ಚಯಿಸಲು ಸಾಧ್ಯವಿದೆ. ಶ್ರವಣಬೆಳಗೊಳದಲ್ಲಿ 2018ರಲ್ಲಿ ನಡೆದ ಮಹಾಮಸ್ತಕಾಭಿಷೇಕವು ಹನ್ನೆರಡು ವರ್ಷಗಳ ಕ್ರಮದಂತೆ 2030ರಲ್ಲಿ ಮತ್ತೆ ಬರಲಿದೆ. ಯಾತ್ರೆಗಳನ್ನು ಏರ್ಪಡಿಸುವ ಬಸದಿಯ ಟ್ರಸ್ಟುಗಳು ತಮ್ಮ ಅರ್ಜಿಯಲ್ಲಿ ಹೆಸರು, ವಯಸ್ಸು, ಊಟದ ನಿಯಮಗಳ ಜೊತೆಗೆ ಇನ್ನೊಂದು ಅಂಕಣವನ್ನು ಸೇರಿಸಲಿ: ಮನೆಯಲ್ಲಿ ಬಿಟ್ಟುಬರುವ ಜೀವಗಳಾವುವು, ಅವುಗಳನ್ನು ಒಪ್ಪಿಕೊಂಡವರು ಯಾರು? ಊರಿನಲ್ಲಿ ಉಳಿಯುವ ಶ್ರಾವಕರಲ್ಲಿ ಇಂತಹ ಸೇವೆಗೆ ಒಪ್ಪುವವರ ಪಟ್ಟಿಯೊಂದು ಬಸದಿಯಲ್ಲಿದ್ದರೆ ಆ ಅಂಕಣವು ಖಾಲಿ ಉಳಿಯದು.