ಕೊಂಬು ಮತ್ತು ಮೆತ್ತೆ

ದೋಣಿಯ ಸೊಬಗನ್ನು ಹೊಗಳುವವರು ಅದರ ಓಟವನ್ನೇ ಹೊಗಳುತ್ತಾರೆ. ಅದು ನಿಂತಿರುವ ಬಗೆಯನ್ನು ಹೊಗಳಿದವರು ವಿರಳ. ಆದರೂ ವಿಹಾರಕ್ಕೆಂದು ಇಟ್ಟುಕೊಂಡ ದೋಣಿಯು ತನ್ನ ಆಯುಸ್ಸಿನ ಬಹುಭಾಗವನ್ನು ನಿಂತೇ ಕಳೆಯುತ್ತದೆ. ರಜೆಯ ದಿನ ಒಂದೆರಡು ಗಂಟೆ ಅಲೆಗಳ ಮೇಲೆ ಹಾರಿ ಬಂದ ಬಳಿಕ, ಉಳಿದ ಹೊತ್ತೆಲ್ಲ ಅದು ದಕ್ಕೆಯ ಮಗ್ಗುಲಲ್ಲಿ, ಗೂಟಕ್ಕೆ ಕಟ್ಟಿದ ಎಳಗರುವಿನಂತೆ, ಹಗ್ಗವನ್ನು ಜಗ್ಗುತ್ತ ನಿಂತಿರಬೇಕು. ಅದರ ಮೈಗೆ ಗಾಯಗಳಾಗುವುದೂ ಹೆಚ್ಚಾಗಿ ಅಲ್ಲಿಯೇ. ಸಮುದ್ರದ ಹೊಡೆತವನ್ನು ತಾಳಿಕೊಂಡ ಮಗ್ಗುಲು, ಪಕ್ಕದಲ್ಲಿ ಹಾದುಹೋದ ಇನ್ನೊಂದು ದೋಣಿ ಎಬ್ಬಿಸಿದ ಅಲೆಗೆ ಎದ್ದು ಕಟ್ಟೆಯ ಅಂಚಿಗೆ ತಗುಲಿ ಗೀರಿಕೊಳ್ಳುತ್ತದೆ.

ಅಮೆರಿಕದ ಫ್ಲಾರಿಡಾ ತೀರದಲ್ಲಿ ಹುಟ್ಟಿದ ಒಂದು ದೋಣಿಯ ಕುಲಕ್ಕೆ ಈ ಮಾತು ವಿಶೇಷವಾಗಿ ಸಲ್ಲುತ್ತದೆ. 1960ರಲ್ಲಿ ಮಯಾಮಿಯಿಂದ ಬಹಾಮಾ ದ್ವೀಪಗಳ ನಸ್ಸಾವಿನವರೆಗೆ ನಡೆದ ಮೋಟಾರು ದೋಣಿಗಳ ಪಂದ್ಯವನ್ನು ರಿಚರ್ಡ್ ಬರ್ಟ್ರಮ್ ಎಂಬವರ ‘ಮಾಪಿ’ ಎಂಬ ದೋಣಿ ಗೆದ್ದಿತು. ಅದನ್ನು ರೂಪಿಸಿದವರು ರೇ ಹಂಟ್. ಅದರ ತಳವು ಚಪ್ಪಟೆಯಾಗಿರದೆ, ಮೂತಿಯಿಂದ ಬಾಲದವರೆಗೂ ಇಂಗ್ಲಿಷಿನ ‘ವಿ’ ಅಕ್ಷರದಂತೆ ಆಳವಾಗಿದ್ದು, ಒರಟು ನೀರನ್ನು ಸೀಳಿಕೊಂಡು ಹೋಗುತ್ತಿತ್ತು. ಆ ಬಗೆಯ ತಳವನ್ನೇ ಸಣ್ಣ ದೋಣಿಗೆ ಅಳವಡಿಸಿ 1964ರಲ್ಲಿ ಡಾನ್ ಅರೊನೊ ಮಯಾಮಿಯಲ್ಲಿ ಡೋಂಜಿ ಎಂಬ ಹೆಸರಿನ ಕಾರ್ಖಾನೆಯನ್ನು ತೆರೆದರು. ಅಲ್ಲಿಂದ ಹೊರಟ 16 ಅಡಿಯ ಮತ್ತು 18 ಅಡಿಯ ದೋಣಿಗಳು ಇಂದು ಹಳೆಯ ವಸ್ತುಗಳ ಪ್ರೇಮಿಗಳಿಗೆ ಒಡವೆಯಿದ್ದಂತೆ. ಓಟವೊಂದನ್ನೇ ಮನಸ್ಸಿನಲ್ಲಿಟ್ಟುಕೊಂಡು ಕಟ್ಟಿದ ದೋಣಿಗಳಿವು. ಡೆಕ್ಕು ಉದ್ದ, ನುಣುಪು. ನೀರಿನಿಂದ ಎತ್ತರ ಕಡಿಮೆ. ಈ ಜಾತಿಯ ದೋಣಿಗಳಲ್ಲಿ ಅನೇಕವು ಹಗ್ಗ ಕಟ್ಟಲು ಮೂತಿಯಲ್ಲೊಂದು, ಹಿಂದುಗಡೆ ಎರಡು ಎಡೆಗಳನ್ನು ಪಡೆದು ಬಂದಿರುತ್ತವೆಯೇ ಹೊರತು, ನಡುವೆ ಒಂದೂ ಇರುವುದಿಲ್ಲ.

ಹಗ್ಗ ಕಟ್ಟುವ ಆ ಎಡೆಗೆ ನಾವಿಕರು ಕ್ಲೀಟ್ ಎನ್ನುತ್ತಾರೆ. ಎರಡು ಕಾಲಿನ ಮೇಲೆ ನಿಂತು ಎರಡು ಕಡೆಗೂ ಕೊಂಬು ಚಾಚಿದ ಒಂದು ತುಂಡು ಲೋಹ, ಅಷ್ಟೆ. ಹಗ್ಗವು ಮೊದಲು ದೂರದ ಕೊಂಬನ್ನು ಬಳಸಿ, ಬುಡವನ್ನೊಂದು ಸುತ್ತು ಸುತ್ತಿ, ಆಮೇಲೆ ಎರಡು ಕೊಂಬುಗಳ ನಡುವೆ 8ರ ಅಂಕಿಯಂತೆ (ಕನ್ನಡದ ೮ ಅಲ್ಲ, ಇಂಗ್ಲಿಷಿನದು) ಅಡ್ಡಾಡಿ, ಕಡೆಯ ಸುತ್ತು ಮಗುಚಿಕೊಂಡು ಬಿಗಿಯುತ್ತದೆ. ಬಿರುಗಾಳಿ ಎಳೆದರೂ ಈ ಕಟ್ಟು ಜಾರದು. ಬಿಚ್ಚಬೇಕೆಂದಾಗ ಮಗುವಿನ ಕೈಗೂ ಬಿಚ್ಚುತ್ತದೆ. ಗಂಟುಗಳಲ್ಲಿ ಇಷ್ಟು ಸೌಜನ್ಯವುಳ್ಳದ್ದು ಬೇರೆ ಇದೆಯೋ ಇಲ್ಲವೋ!

ಇಂಥ ದೋಣಿಯ ಒಡೆಯನಿಗೆ ಒದಗುವ ಸಂಕಟವು ಈಗ ವಾಚಕರಿಗೆ ಗೋಚರಿಸಬಹುದು. ನಡುವೆ ಕ್ಲೀಟ್ ಇಲ್ಲದೆ ದೋಣಿಯು ದಕ್ಕೆಗೆ ನೆಟ್ಟಗೆ ನಿಲ್ಲದು. ಮಗ್ಗುಲಿಗೆ ಮೆತ್ತೆಗಳನ್ನು ತೂಗುಹಾಕಲು ತಕ್ಕ ಆಧಾರವೂ ಇಲ್ಲ. ಕ್ಲೀಟ್ ಕೂಡಿಸಬೇಕಾದರೆ ಡೆಕ್ಕಿಗೆ ಬೈರಿಗೆ ಹಾಕಬೇಕು. ಅರವತ್ತು ವರ್ಷ ಒಂದು ತೂತನ್ನೂ ಕಾಣದೆ ಹೊಳೆಯುತ್ತಿದ್ದ ಮೈ ಅದು! ಒಮ್ಮೆ ಕೊರೆದ ತೂತನ್ನು ಮುಚ್ಚಬಹುದು, ಆದರೆ ಕೊರೆಯದಂತೆ ಮಾಡಲಾಗದು. ಆದುದರಿಂದ ಅವನು ಅಳತೆಯ ಪಟ್ಟಿಯನ್ನು ಹಿಡಿದು ಎರಡು ಭಾನುವಾರ ಡೆಕ್ಕಿನ ಮೇಲೆ ಬಗ್ಗಿ ಕುಳಿತಿರುತ್ತಾನೆ. ಸೀಸದಕಡ್ಡಿಯಿಂದ ಗುರುತು ಮಾಡುತ್ತಾನೆ, ಒರಸುತ್ತಾನೆ. ಕೆಲವರು ಗಾಳಿತಡೆಯ ಗಾಜಿನ ಚೌಕಟ್ಟಿಗೋ ಕೈಹಿಡಿಗೋ ಹಗ್ಗ ಬಿಗಿದು ಕಾಲ ತಳ್ಳುತ್ತಾರೆ. ಮೈಗೆ ಗಾಯವಾಗದಿರಲೆಂದು ಮಾಡಿದ ಈ ಉಪಾಯದಿಂದ ಚೌಕಟ್ಟೇ ಸೊಟ್ಟಗಾಗಿ, ಗಾಜು ಬಿರುಕುಬಿಟ್ಟು, ಕೊನೆಗೆ ನಾಲ್ಕು ತೂತಿನ ಬೆಲೆಗಿಂತ ಹೆಚ್ಚು ದಂಡ ತೆರಬೇಕಾಗುತ್ತದೆ. ದೋಣಿಯನ್ನು ನೀರಿಗಿಳಿಸದೆ ಮನೆಯೊಳಗೆ ಬಟ್ಟೆ ಹೊದಿಸಿಡುವವನಿಗೆ ತೂತು ಬೇಡ, ನಿಜ, ನೀರಿಗಿಳಿಸುವವನು ಕೊರೆಯಲೇಬೇಕು.

ಕೊರೆಯುವುದೆಂದು ನಿಶ್ಚಯವಾದ ಮೇಲೆ ಮೇಲಿನ ಲೋಹಕ್ಕಿಂತ ಕೆಳಗಿನ ಆಧಾರವನ್ನು ಕುರಿತು ಹೆಚ್ಚು ಚಿಂತಿಸಬೇಕು. ಅಂಗಡಿಯಲ್ಲಿ ಥಳಥಳಿಸುವ ಕ್ಲೀಟನ್ನು ಆರಿಸುವುದರಲ್ಲಿ ದಿನ ಕಳೆದವನು, ಅದನ್ನು ತಿರುಪುಮೊಳೆಗಳಿಂದ ಮೇಲಿಂದ ಮೇಲೆ ಕೂಡಿಸಿಬಿಟ್ಟರೆ ಅದು ಅಲಂಕಾರಕ್ಕೆ ಮಾತ್ರ ಉಂಟು. ಎಳೆತವನ್ನು ತಾಳಬೇಕಾದರೆ ಬೋಲ್ಟು ಡೆಕ್ಕನ್ನು ತೂರಿ ಕೆಳಗಿಳಿದು, ಅಲ್ಲಿ ಕ್ಲೀಟಿನ ಬುಡಕ್ಕಿಂತ ಅಗಲವಾದ ದಪ್ಪ ತಗಡನ್ನು ಹಾದು, ವಾಷರಿನ ಮೇಲೆ ನಟ್ಟಿಗೆ ಬಿಗಿಯಬೇಕು. ಆಗ ಎಳೆತವು ನಾಲ್ಕು ಬಿಂದುಗಳ ಮೇಲೆ ಬೀಳದೆ ತಗಡಿನಷ್ಟು ಅಗಲಕ್ಕೆ ಹಂಚಿಹೋಗುತ್ತದೆ. ಇದನ್ನು ಬಿಟ್ಟವರಿಗೆ ಆಗುವ ಅಪಾಯವು ಬರಿಯ ದೋಣಿಯದಲ್ಲ. ಇಂದಿನ ದೋಣಿಗಳನ್ನು ಕಟ್ಟುವುದು ನೈಲಾನು ಹಗ್ಗದಿಂದ. ಅದು ಎಳೆದಂತೆ ಹಿಗ್ಗುತ್ತದೆ, ಬಿಟ್ಟೊಡನೆ ಹಿಂದಕ್ಕೆ ಸಿಡಿಯುತ್ತದೆ. ಕೆಟ್ಟು ನಿಂತ ಇನ್ನೊಂದು ದೋಣಿಯನ್ನು ಎಳೆದು ತರುವಾಗ ಕ್ಲೀಟು ಕಿತ್ತುಬಂದರೆ, ಆ ಲೋಹದ ತುಂಡು ಕವಣೆಯ ಕಲ್ಲಿನಂತೆ ಹಾರುತ್ತದೆ. ಅದರ ದಾರಿಯಲ್ಲಿ ಮನುಷ್ಯನಿದ್ದರೆ ಪ್ರಾಣಕ್ಕೇ ಕುತ್ತು.

ಡೆಕ್ಕಿನ ಒಡಲಲ್ಲಿ ಇನ್ನೊಂದು ಗುಟ್ಟು ಅಡಗಿರುತ್ತದೆ. ಗಾಜಿನ ನಾರನ್ನು ರಾಳದಲ್ಲಿ ತೋಯಿಸಿ ಗಟ್ಟಿಮಾಡಿದ ಫೈಬರ್‌ಗ್ಲಾಸಿನ ಎರಡು ಪದರಗಳ ನಡುವೆ ಬಾಲ್ಸಾ ಎಂಬ ಹಗುರವಾದ ಮರದ ತುಂಡುಗಳನ್ನೋ ಪ್ಲೈವುಡ್ಡನ್ನೋ ಸೇರಿಸಿ ಅನೇಕ ಡೆಕ್ಕುಗಳನ್ನು ಕಟ್ಟಿರುತ್ತಾರೆ. ತೂತಿನ ಮೂಲಕ ಆ ಮರಕ್ಕೆ ನೀರಿಳಿದರೆ ಹೊರಗಿನವರಿಗೆ ಏನೂ ಕಾಣದು. ಒಳಗೆ ವರ್ಷಾನುವರ್ಷ ಕೊಳೆತು, ಒಂದು ದಿನ ಕಾಲಿಟ್ಟಾಗ ಡೆಕ್ಕು ಹಳಸಿದ ಹಲಸಿನಂತೆ ಒಳಕ್ಕೆ ತಗ್ಗುತ್ತದೆ. ಆದುದರಿಂದ ಬಲ್ಲವರು ತೂತನ್ನು ಬೋಲ್ಟಿಗಿಂತ ದೊಡ್ಡದಾಗಿಯೇ ಕೊರೆದು, ಸುತ್ತಲಿನ ಮರವನ್ನು ಸ್ವಲ್ಪ ಕೆರೆದು ತೆಗೆದು, ಆ ಎಡೆಯನ್ನು ಎಪಾಕ್ಸಿ ಎಂಬ ರಾಳದಿಂದ ತುಂಬಿ, ಅದು ಕಲ್ಲಾದ ಮೇಲೆ ಅದರ ನಡುವೆ ಬೋಲ್ಟಿನ ಅಳತೆಗೆ ಮತ್ತೆ ಕೊರೆಯುತ್ತಾರೆ. ಎರಡು ಸಾರಿ ಕೊರೆಯುವ ಈ ಕೆಲಸವು ಸೋಮಾರಿಗೆ ಹುಚ್ಚಾಗಿ ತೋರಬಹುದು. ಇನ್ನು ಮೇಲೆ ಸಂದು ಮುಚ್ಚುವ ಮೆತ್ತಿಗೆಯನ್ನು ಹಚ್ಚುವಾಗ, ಎಂದೆಂದಿಗೂ ಬಿಡದ ಅಂಟನ್ನು ಉಪಯೋಗಿಸದಿರುವುದೇ ಜಾಣತನ. ಮುಂದೆ ಎಂದಾದರೂ ಕ್ಲೀಟನ್ನು ತೆಗೆಯಬೇಕಾಗಿ ಬಂದರೆ ಅದರೊಂದಿಗೆ ಡೆಕ್ಕಿನ ಮೇಲಣ ಪದರವೂ ಎದ್ದುಬರುವುದು. ತೂತಿನ ಬಾಯನ್ನು ಮೇಲುಗಡೆ ಕೊಂಚ ಅಗಲಿಸಿದರೆ ಮೆತ್ತಿಗೆಯು ಬೋಲ್ಟಿನ ಕೊರಳಿಗೆ ಉಂಗುರದಂತೆ ಕೂರುತ್ತದೆ. ಬಿಗಿಯುವಾಗ ಒಬ್ಬನು ಮೇಲೆ ಬೋಲ್ಟನ್ನು ಅಲುಗದಂತೆ ಹಿಡಿದಿರಬೇಕು, ಇನ್ನೊಬ್ಬನು ಕೆಳಗೆ ನಟ್ಟನ್ನು ತಿರುಗಿಸಬೇಕು. ಬೋಲ್ಟೇ ತಿರುಗಿದರೆ ಕೂತ ಉಂಗುರವು ಹರಿಯುತ್ತದೆ. ಕೆಳಗಿನ ಕೆಲಸಕ್ಕೆ ಸಾಮಾನ್ಯವಾಗಿ ಸಣ್ಣ ಮೈಯವನೇ ಬೇಕು. ಮನೆಯಲ್ಲಿ ಹತ್ತು ಹನ್ನೆರಡು ವರ್ಷದ ಹುಡುಗನಿದ್ದರೆ ಅವನ ಭಾಗ್ಯ!

ಲೆಕ್ಕ ಸುಲಭ. ಹಗ್ಗದ ವ್ಯಾಸದಲ್ಲಿ ಪ್ರತಿ 1/16 ಅಂಗುಲಕ್ಕೆ ಕ್ಲೀಟಿನ ಉದ್ದ 1 ಅಂಗುಲ. ಅಂದರೆ 3/8 ಅಂಗುಲದ ಹಗ್ಗಕ್ಕೆ 6 ಅಂಗುಲದ ಕ್ಲೀಟು. ಕೆಲಸವಿಲ್ಲದಾಗ ಡೆಕ್ಕಿನೊಳಕ್ಕೆ ಮುಳುಗಿ ಸಮತಟ್ಟಾಗುವ ಕ್ಲೀಟುಗಳೂ ದೊರೆಯುತ್ತವೆ. ಹಳೆಯ ದೋಣಿಯ ಗೆರೆಯನ್ನು ಕೆಡಿಸಲೊಲ್ಲದವರಿಗೆ ಇವು ಪ್ರಿಯ. ಆದರೆ ಅವು ಕುಳಿತ ಬಟ್ಟಲಿಗೆ ನೀರು ಸೇರುವುದರಿಂದ ಅದನ್ನು ಹೊರಗೆ ಹರಿಸುವ ನಳಿಕೆಯೊಂದನ್ನು ಕೂಡಿಸಬೇಕು. ಚೆಲುವಿಗೆ ಇದು ತಕ್ಕ ತೆರಿಗೆಯೇ ಸರಿ.

ಇನ್ನು ಮೆತ್ತೆಗಳ ಮಾತು. ನಾವಿಕರು ಫೆಂಡರ್ ಎಂದು ಕರೆಯುವ ಇವು ಇಂದು ಗಾಳಿ ತುಂಬಿದ ಪ್ಲಾಸ್ಟಿಕ್ಕಿನ ಉರುಳೆಗಳು. ಹಿಂದೆ ಹಗ್ಗವನ್ನೇ ದಪ್ಪವಾಗಿ ಹೆಣೆದು ಮಾಡುತ್ತಿದ್ದರು. ನಮ್ಮ ಮಲ್ಪೆಯ ಬಂದರಿನ ಮೀನುದೋಣಿಗಳ ಮಗ್ಗುಲಲ್ಲಿ ತೂಗುವ ಹಳೆಯ ಟಯರುಗಳು ಮಾಡುವುದೂ ಇದೇ ಕೆಲಸವನ್ನು. ಬಿಳಿಯ ಮೈಗೆ ಕಪ್ಪು ಬಳಿಯುತ್ತವೆಂಬುದೊಂದೇ ಅವುಗಳ ಮೇಲಿನ ದೂರು. ದೋಣಿಯ ಉದ್ದದ ಪ್ರತಿ ನಾಲ್ಕೈದು ಅಡಿಗೆ ಉರುಳೆಯ ವ್ಯಾಸ ಒಂದಂಗುಲವೆಂದು ವಾಡಿಕೆ. 18 ಅಡಿಯ ದೋಣಿಗೆ 5 ಅಂಗುಲದವು ಮೂರಾದರೂ ಬೇಕು. ತೂಗುವ ಎಡೆ ಯಾವುದು? ಮೂತಿಯ ಬಳಿ ದೋಣಿಯ ಮೈ ಹೊರಕ್ಕೆ ಬಾಗಿರುವುದರಿಂದ ಅಲ್ಲಿ ಕಟ್ಟಿದ ಮೆತ್ತೆ ಮೈಗೆ ತಾಗದೆ ಗಾಳಿಯಲ್ಲಿ ಓಲಾಡುತ್ತದೆ. ಮೈ ಅತ್ಯಂತ ಅಗಲವಾಗಿರುವ ನಡುಭಾಗದಲ್ಲಿಯೂ ಅದರ ಹಿಂದೆಯೂ ಕಟ್ಟಬೇಕು. ಹೊಸ ಕ್ಲೀಟಿಗೆ ಕೂಡಿಸಿದ ಸ್ಥಳವೂ ಅದೇ. ನೀರಿನೊಂದಿಗೆ ಏರಿಳಿಯುವ ತೇಲುದಕ್ಕೆಗೆ ಮೆತ್ತೆಯು ನೀರಿಗೆ ತಾಗಿಯೂ ತಾಗದಂತೆ ಇರಲಿ. ಅಲುಗದ ಕಂಬಗಳ ದಕ್ಕೆಯಲ್ಲಿ ಕಂಬವು ಎರಡು ಮೆತ್ತೆಗಳ ನಡುವೆ ನುಸುಳಿಬಿಡುವುದರಿಂದ, ಅವೆರಡರ ಹೊರಗೆ ಒಂದು ಹಲಗೆಯನ್ನು ಅಡ್ಡಲಾಗಿ ತೂಗುಹಾಕುತ್ತಾರೆ. ಮೆತ್ತೆಗೂ ಮೈಗೂ ನಡುವೆ ಮರಳು ಸೇರಿದರೆ ಮೆತ್ತೆಯೇ ಅರವಾಗಿ ದೋಣಿಯನ್ನು ಉಜ್ಜುತ್ತದೆ. ಬಟ್ಟೆಯ ಚೀಲ ತೊಡಿಸಿ, ಆ ಚೀಲವನ್ನು ಆಗಾಗ್ಗೆ ಒಗೆಯುವುದು ಲೇಸು. ದೋಣಿ ಹೊರಟೊಡನೆ ಇವೆಲ್ಲ ಒಳಗೆ ಬರಬೇಕು. ಮೆತ್ತೆಗಳನ್ನು ಹೊರಗೆ ಬಿಟ್ಟುಕೊಂಡು ಓಡುವವನನ್ನು ನಾವಿಕರು, ಪೇಟದ ಸೆರಗು ನೆಲಕ್ಕೆಳೆಯುತ್ತಿರುವ ಮದುವಣಿಗನನ್ನು ಕಂಡಂತೆ, ನೋಡಿ ನಗುತ್ತಾರೆ.

ಮರಳಿ ಬರುವಾಗ ದಕ್ಕೆಯನ್ನು ಸಮೀಪಿಸುವ ಮೊದಲೇ ಅವನ್ನು ಕಟ್ಟಿರಬೇಕು. ಈ ನಿಯಮವನ್ನು ಮರೆತಲ್ಲಿ ಯಾರಾದರೊಬ್ಬರು ತಮ್ಮ ಕಾಲನ್ನೇ ಮೆತ್ತೆಯಾಗಿ ಚಾಚುತ್ತಾರೆ. ಡೆಕ್ಕು ಕೆಳಗಿದ್ದು ಕೈಕಾಲು ಸುಲಭವಾಗಿ ಹೊರಬರುವ ದೋಣಿಯಲ್ಲಿ ಈ ಚಪಲ ಇನ್ನೂ ಹೆಚ್ಚು. ಎರಡು ಸಾವಿರ ಪೌಂಡಿಗೂ ಮಿಕ್ಕ ಭಾರವು ಮೆಲ್ಲಗೆ ಬರುತ್ತಿದ್ದರೂ, ಅದಕ್ಕೂ ಕಲ್ಲಿಗೂ ನಡುವೆ ಸಿಕ್ಕಿದ ಎಲುಬು ಉಳಿಯಲಾರದು. ಒಡೆಯನು ಹತ್ತಿಸಿಕೊಳ್ಳುವಾಗಲೇ ಅತಿಥಿಗಳಿಗೆ ಇದನ್ನು ಕಟ್ಟುನಿಟ್ಟಾಗಿ ಹೇಳಿಬಿಡುವುದುಂಟು: ದೋಣಿ ಗೀರಿದರೆ ಗೀರಲಿ, ಕೈಕಾಲು ಒಳಗಿರಲಿ.

ಮೊದಲ ದೊಡ್ಡ ಮಳೆಯ ಮಾರನೆಯ ದಿನ ಅವನು ಟಾರ್ಚು ಹಿಡಿದು ಡೆಕ್ಕಿನ ಕೆಳಗೆ ನುಸುಳುತ್ತಾನೆ. ತಗಡಿನ ಅಂಚಿನಲ್ಲಿ ಬೆರಳಾಡಿಸುತ್ತಾನೆ. ಕಂದು ಬಣ್ಣದ ಗೆರೆಯೇನಾದರೂ ಇಳಿದಿದೆಯೇ ಎಂದು ನೋಡುತ್ತಾನೆ. ಬೆರಳು ಒದ್ದೆಯಾದರೆ ಬೋಲ್ಟುಗಳನ್ನೆಲ್ಲ ಕಳಚಿ, ಹಳೆಯ ಮೆತ್ತಿಗೆಯನ್ನು ಕೆರೆದು, ಮೊದಲಿನಿಂದ ತೊಡಗಬೇಕು. ಒಣಗಿದ್ದರೆ ನಟ್ಟುಗಳನ್ನೊಮ್ಮೆ ತಿರುಗಿಸಿ ನೋಡಿ, ಮೊಣಕೈಯ ಧೂಳನ್ನು ಕೊಡವಿಕೊಳ್ಳುತ್ತ ಹೊರಗೆ ಬರುತ್ತಾನೆ.